ಇನ್ನ ಹತ್ತ ಮಿನಿಟ್ ಐತಿ

ಜುಲೈ 17, ಗುರುವಾರ. ಬೆಳಗ್ಗೆ 5.15, ನಿಪ್ಪಾಣಿ

ಎರಡೂ ಸೈಕಲ್ಲಿನ ಚೈನಿಗೆ ಎಣ್ಣೆ ಹಚ್ಚಿ ಆಯಿತು. ಮಾವನ ಹಿಂದಿನ ಟಯರಿಗೆ ಇನ್ನೊಮ್ಮೆ ಗಾಳಿ ನೋಡಬೇಕು. ಅವರ ಶುಗರಿನ ಗುಳಿಗೆ — ಮುಂಜಾನೆ ಒಂದು, ಮಧ್ಯಾಹ್ನ ಒಂದು, ನಾಲ್ಕು ದಿನಕ್ಕೆ ಎಂಟು. ಮೆಡಿಕಲ್ ಅಂಗಡಿ ನಡೆಸುವವಳು ನಾನು, ಆದರೂ ಮೂರು ಸಲ ಎಣಿಸಿದೆ.

ಶೇಂಗಾ ಉಂಡಿ ಹನ್ನೆರಡು. ಮಾವನ ಹ್ಯಾಂಡಲ್ ಚೀಲದಲ್ಲಿ ಜಾಗವಿಲ್ಲ, ಅಲ್ಲಿ ಅವರ ಸ್ವಾಧ್ಯಾಯದ ಪುಸ್ತಕ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿದೆ. ಹಾಗಾಗಿ ಉಂಡಿ ನನ್ನ ಚೀಲದಲ್ಲಿ. ದಾರಿಯಲ್ಲಿ ಶುಗರ್ ಇಳಿದರೆ ಅವೇ ಗತಿ.

ಜಿನೇಂದ್ರ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾನೆ. “ಅಪ್ಪಗ ಅರವತ್ತೇಳು. ಶುಗರ್ ಬ್ಯಾರೆ, ಮಳಿಗಾಲ ಬ್ಯಾರೆ. ಗಂಡ ಹೇಳಿದ್ದು ಕೇಳೂದ ಬಿಟ್ಟು ಮಾವನ ಜೋಡಿ ಸೈಕಲ್ ಹೊಡಿಯಾಕ ಹೊಂಟಿ.” ಸರಿ, ಹೊಂಟೆ. ಅಪ್ಪನನ್ನು ಬೇಡ ಎನ್ನುವ ಧೈರ್ಯ ಮಗನಿಗಿಲ್ಲ, ನನಗೆ ಬೈಯುತ್ತಾನೆ.

ಹತ್ತು ಸೈಕಲ್ಲು, ಸಾಮಾನು ಮತ್ತು ಊಟದ ಡಬ್ಬಿ ಹೊರಲು ಒಂದು ಗಾಡಿ. ಐದು ತಾಲೂಕು, ನಾಲ್ಕು ದಿನ. ಮುಂದೆ ಅಭಿನಂದನ — ನಮ್ಮ ಸೈಕಲ್ ಬಳಗ ಕಟ್ಟಿದವನು, ದಾರಿ ಗೊತ್ತಿರುವವನು. ಕಟ್ಟಕಡೆಗೆ ನಾನು. ಕಡೆಯವರು ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋಗಬಾರದು. ಬಳಗದ ಕಾಯಿದೆ ಇದೊಂದೇ.

ಮಾವನ ಕಾಯಿದೆ ಬೇರೆ. ಹೊತ್ತು ಮುಳುಗಿದ ಮೇಲೆ ಒಂದು ಕಾಳೂ ಬಾಯಿಗೆ ಹಾಕುವುದಿಲ್ಲ, ನೀರೂ ಇಲ್ಲ. ಹತ್ತೊಂಬತ್ತು ವರ್ಷದ ನೇಮ. ಬಸದಿಯಲ್ಲಿ ಮುನಿಗಳ ಮುಂದೆ ಅತ್ತೆಯೂ ಅವರೂ ಜೋಡಿಯಾಗಿ ಕೈಮುಗಿದು ಹಿಡಿದದ್ದು. ಅತ್ತೆ ಹೋಗಿ ಆರು ವರ್ಷ. “ಈಗ ಇಬ್ಬರದೂ ನಾನ ನಡಸಾಕತ್ತೇನಿ” ಎನ್ನುತ್ತಾರೆ. ನಾನೋ, ಅಂಗಡಿ ಬಾಗಿಲು ಹಾಕಿ ಒಂಬತ್ತಕ್ಕೆ ಉಣ್ಣುವವಳು. ಒಂದು ದಿನವೂ ಅವರು ಅದಕ್ಕೆ ಏನೂ ಅಂದಿಲ್ಲ.

ಕರೆಯುತ್ತಿದ್ದಾರೆ. ಟಯರ್ ನೋಡಿಲ್ಲ…

ಜುಲೈ 17. ಸಂಜೆ 6.50, ರಾಯಬಾಗ

ಚಿಕ್ಕೋಡಿವರೆಗೆ ಬಿಸಿಲು, ಕಬ್ಬೂರ ದಾಟಿದ ಮೇಲೆ ಮಳೆ. ಮಾವನ ಕಾಲು ಗಟ್ಟಿ. ಏರಿನಲ್ಲಿ ನನ್ನನ್ನೇ ಹಿಂದೆ ಹಾಕಿ, ತಿರುಗಿ ನೋಡಿ, “ಔಷಧ ಮಾರಾವ್ರು ಒಂದೆರಡು ತಾವೂ ತಿನಬೇಕ್ರಿ” ಅಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ತೋರಿಸಲಿಲ್ಲ.

ಮಾವ ಆರೂಕಾಲಿಗೆ ಊಟ ಮುಗಿಸಿದರು. ಹೊತ್ತಿಗೆ ಮುಂಚೆ ಡಬ್ಬಿ ತಲುಪಿತ್ತು, ಸದ್ಯ. ಕೀಲಿ ಕೊಡುವ ಅವರ ಹಳೇ ಗಡಿಯಾರದೊಳಗೆ ನೀರು ಹೋಗಿ ನಿಂತಿದೆ. ಬಿಚ್ಚಿ ನನ್ನ ಕೈಗೆ ಕೊಟ್ಟರು. “ಇನ್ನ ಊರು ಮುಟ್ಟೂಮಟಾ ನನ್ನ ಗಡಿಯಾರ ನೀನ.”

ಜುಲೈ 18, ಶುಕ್ರವಾರ. ಮಧ್ಯಾಹ್ನ 3.10, ಉಗಾರ ಖುರ್ದ

ಒಂದು ಚಹಾದಂಗಡಿಯ ತಗಡಿನ ಕೆಳಗೆ ನಿಂತಿದ್ದೇವೆ, ಹತ್ತು ಜನ, ಹತ್ತು ಸೈಕಲ್ಲು. ತಗಡಿನ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಬೆಳಗಿನಿಂದ ಮಳೆ ಬಿಟ್ಟಿಲ್ಲ. ಕೃಷ್ಣೆ ಮಣ್ಣಿನ ಬಣ್ಣ. ಮೂರು ಗಂಟೆಗೇ ಕತ್ತಲು. ರೇನ್‌ಕೋಟಿನ ಒಳಗೂ ನೀರು, ಹೊರಗೂ ನೀರು. ಇದನ್ನು ಯಾಕೆ ಹಾಕಿಕೊಂಡಿದ್ದೇನೆ, ಗೊತ್ತಿಲ್ಲ.

ಗಾಡಿ ಹಿಂದೆ ಉಳಿದಿದೆ. ಮಾವ ಹನ್ನೆರಡಕ್ಕೆ ಊಟ ಮಾಡಿದ್ದಾರೆ, ಗುಳಿಗೆಯೂ ಆಗಿದೆ. ನನಗೆ ಹೊಟ್ಟೆ ಚುರುಚುರು. ಚೀಲದಲ್ಲಿ ಉಂಡಿ ಎರಡೇ ಉಳಿದಿದ್ದವು. ತಿಂದೆ. ಗಾಡಿ ಬಂದರೆ ಅದರಲ್ಲಿ ಡಬ್ಬಿ ತುಂಬ ಇವೆ.

ಹೊರಡೋಣ ಅನ್ನುತ್ತಿದ್ದಾನೆ ಅಭಿನಂದನ. ಹೊರಡಬೇಕೋ ಇಲ್ಲಿಯೇ ಇರಬೇಕೋ… ಯಾರಿಗೂ ತಿಳಿಯುತ್ತಿಲ್ಲ. ಹೊರಟೆವು.

ಜುಲೈ 18. ಅಥಣಿ

ಇವತ್ತು ಬರೆಯುವುದಿಲ್ಲ. ಮಾವ ಮಲಗಿದ್ದಾರೆ. ಶುಗರ್ 148. ಸರಿಯಾಗಿದೆ.

ಜುಲೈ 19, ಶನಿವಾರ. ಬೆಳಗ್ಗೆ 9.30, ಅಥಣಿ

ಸವಾರಿ ರದ್ದು. ಸೈಕಲ್ಲುಗಳನ್ನು ಟೆಂಪೋದಲ್ಲಿ ಹೇರಿಕೊಂಡು ನಾಳೆ ಊರಿಗೆ. ಮಾವ ಹೊರಗೆ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದಾರೆ. ಹೌದು, ಬಿಸಿಲು. ನಿನ್ನೆ ಎಲ್ಲಿ ಹೋಗಿತ್ತೋ.

ಬರೆದುಬಿಡುತ್ತೇನೆ. ಬರೆದರೆ ತಿಳಿಯಬಹುದು.

ಕಾಗವಾಡ ದಾಟಿದ ಮೇಲೆ ಒಂದು ಹಳ್ಳ ರಸ್ತೆಯ ಮೇಲೆ ಹತ್ತುತ್ತಿತ್ತು. ನಾವು ಸೈಕಲ್ ಎತ್ತಿ ದಾಟಿದೆವು. ಹಿಂದೆ ಬಂದ ಗಾಡಿಗೆ ದಾಟಲಾಗಲಿಲ್ಲ, ಸುತ್ತು ಹಾಕಿ ಬರುತ್ತೇವೆಂದು ಫೋನು ಬಂತು. ಮಂಗಸೂಳಿ ಬಿಟ್ಟು ಸ್ವಲ್ಪ ದೂರಕ್ಕೆ ಮಾವನ ಟಯರ್ ಪಂಕ್ಚರ್. ಹಿಂದಿನದೇ. ನಾನು ನೋಡದೆ ಬಿಟ್ಟದ್ದೇ. ಮುಂದಿನವರು ಆಗಲೇ ಹೋಗಿದ್ದರು. ಟ್ಯೂಬು ಒದ್ದೆ, ಕೈ ಒದ್ದೆ, ಪ್ಯಾಚ್ ಹಿಡಿಯಲಿಲ್ಲ. ಮೂರು ಸಲ ಹಚ್ಚಿದೆ, ಮೂರು ಸಲ ಬಿಚ್ಚಿತು. ಎರಡೂ ಕಡೆ ಕಬ್ಬು, ಒಂದೂ ಗಾಡಿಯಿಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ. ಸೈಕಲ್ ತಳ್ಳಿಕೊಂಡು ನಡೆದೆವು. ಎಷ್ಟು ಹೊತ್ತು? ಗೊತ್ತಿಲ್ಲ.

ಮಾವ ಮಾತು ನಿಲ್ಲಿಸಿದರು. ಮೊದಲು ದಣಿವು ಅಂದುಕೊಂಡೆ. ಆಮೇಲೆ ನಿಂತು, ನನ್ನ ಕಡೆ ನೋಡಿ, “ಮಂಗಲಾ, ಹಿತ್ತಲ ಬಾಗಲಾ ಹಾಕಿದಿ?” ಅಂದರು.

ಮಂಗಲ ನನ್ನ ಅತ್ತೆ.

ಆ ಮಳೆಯಲ್ಲೂ ಹಣೆಯ ಬೆವರು ಗೊತ್ತಾಗುತ್ತಿತ್ತು, ಅಂಟು ಅಂಟು. ಕೈ ನಡುಗುತ್ತಿತ್ತು. ದಿನಕ್ಕೆ ನಾಲ್ಕು ಜನಕ್ಕೆ ಅಂಗಡಿಯಲ್ಲಿ ಹೇಳುತ್ತೇನೆ — ಹೀಗಾದರೆ ಶುಗರ್ ಇಳಿದಿದೆ, ತಡಮಾಡದೆ ಸಿಹಿ ಕೊಡ್ರಿ. ಚೀಲಕ್ಕೆ ಕೈ ಹಾಕಿದೆ. ಉಂಡಿಯ ಕಾಗದ ಇತ್ತು. ಅದರಲ್ಲಿ ಪುಡಿಯೂ ಇರಲಿಲ್ಲ.

ಹೊಲದಾಚೆ ಒಂದು ದೀಪ ಕಂಡಿತು. ಸೈಕಲ್ಲುಗಳನ್ನು ಅಲ್ಲೇ ಬಿಟ್ಟು, ಅವರನ್ನು ತೋಳು ಹಿಡಿದು ಎಳೆದುಕೊಂಡೇ ಹೋದೆ. ತಗಡಿನ ಮನೆ, ಅರ್ಧ ಆಡುಗಳಿಗೆ, ಅರ್ಧ ಮನುಷ್ಯರಿಗೆ. ಒಬ್ಬ ಹೆಂಗಸು ಬಾಗಿಲಿಗೆ ಬಂದಳು, ತಾರವ್ವ ಅಂತ ಹೆಸರು, ಆಮೇಲೆ ಕೇಳಿದ್ದು. “ಬರ್ರಿ ಒಳಗ. ಆಡಿನ ಜೋಡಿ ಕುಂದರಬೇಕ ಅಷ್ಟ” ಅಂದಳು. ಶುಗರ್ ಎಂದೆ, ತಿಳಿದುಕೊಂಡಳು. ಬೆಲ್ಲದ ಹೆಂಟೆ, ಲೋಟದಲ್ಲಿ ಬಿಸಿ ಹಾಲು ತಂದಿಟ್ಟಳು.

ಮಾವ ಬಾಯಿ ಬಿಗಿ ಹಿಡಿದರು. ನನ್ನ ಹೆಸರು ಮರೆತಿತ್ತು, ನೇಮ ಮರೆತಿರಲಿಲ್ಲ.

“ಹೊತ್ತು ಮುಳುಗೇತಿ.”

“ಇಲ್ರಿ ಮಾವಾರ. ಇನ್ನ ಹತ್ತ ಮಿನಿಟ್ ಐತಿ.”

“ನೋಡಿ ಹೇಳ.”

ಪ್ಲಾಸ್ಟಿಕ್ಕಿನಿಂದ ಫೋನು ತೆಗೆದೆ. ಪರದೆ ತುಂಬ ನೀರು. ಏಳು ಕಂಡಿತು. ಮುಂದಿನ ಅಂಕಿ ಕಂಡಿತೋ? ಹೆಬ್ಬೆರಳಿನಿಂದ ಒರೆಸಿದೆ. ಕಾಣಲಿ ಎಂದು ಒರೆಸಿದೆನೋ, ಕಾಣದಿರಲಿ ಎಂದು ಒರೆಸಿದೆನೋ — ರಾತ್ರಿಯೆಲ್ಲ ಇದನ್ನೇ ಕೇಳಿಕೊಂಡೆ. ಬಾಯಿ ಮಾತ್ರ ತಡವರಿಸಲಿಲ್ಲ.

“ಆರ ಐವತ್ತೆಂಟ್ರಿ.”

ಐವತ್ತೆಂಟು. ಸುಮಾರು ಏಳು ಎನ್ನಲಿಲ್ಲ. ಅಂಗಡಿಯಲ್ಲಿ ಗುಳಿಗೆಯ ಲೆಕ್ಕ ಹೇಳುವ ಹಾಗೆ ಹೇಳಿದೆ.

ತಾರವ್ವ ನನ್ನ ಮುಖ ನೋಡಿದಳು. ಗೂಡಿನಲ್ಲಿ ಅವಳು ಹಚ್ಚಿದ ದೇವರ ದೀಪದ ಎಣ್ಣೆ ಅರ್ಧ ಇಳಿದಿತ್ತು. ಅವಳು ಮಾವನ ಕಡೆ ಬಗ್ಗಿ, “ಹೌದ್ರಿ ಅಪ್ಪಾರ, ನಮ್ಮ ಕೋಳಿ ಇನ್ನ ಬುಟ್ಟಿಗಿ ಬಂದಿಲ್ಲ” ಅಂದಳು. ಅವಳ ಹಿಂದೆಯೇ ಬುಟ್ಟಿಯ ಕೆಳಗೆ ಕೋಳಿಗಳು ಕೊಕ್ ಕೊಕ್ ಅನ್ನುತ್ತಿದ್ದವು.

ಮಾವ ಬೆಲ್ಲ ತಿಂದರು. ಹಾಲು ಕುಡಿದರು.

ಅವರು ಇನ್ನೂ ಲೋಟ ಹಿಡಿದಿದ್ದಾಗಲೇ ಅಭಿನಂದನ ಬಂದ, ಯಾರದೋ ಮೋಟರ್‌ಸೈಕಲ್ ಇಸಿದುಕೊಂಡು ನಮ್ಮನ್ನು ಹುಡುಕುತ್ತ. ರಸ್ತೆಯಲ್ಲಿ ಬಿದ್ದ ಸೈಕಲ್ಲು ನೋಡಿ ಅವನ ಜೀವ ಬಾಯಿಗೆ ಬಂದಿತ್ತಂತೆ. “ವೈನಿ, ಕಾಕಾ ಹೆಂಗದಾರ?” ಅಂದ. ಮಾವ ನಕ್ಕದ್ದು ನೋಡಿ, ಫೋನು ತೆಗೆದು ಒಂದು ಫೋಟೋ ಹೊಡೆದ. ಎಲ್ಲಿ ನಿಂತರೂ ಒಂದು ಫೋಟೋ, ಅವನ ಚಟ.

ಹೊರಡುವಾಗ ತಾರವ್ವ ನನ್ನನ್ನು ಬದಿಗೆ ಕರೆದಳು. “ತಂಗಿ, ಪಾಪ ಬಂದ್ರ ಅರ್ಧಾ ನನಗಿರಲಿ. ಕೋಳಿದಂತೂ ನಂದ.”

ಬರೆದಾಯಿತು. ಏನೂ ತಿಳಿಯಲಿಲ್ಲ.

ಜುಲೈ 20, ಭಾನುವಾರ. ಸಂಜೆ 4, ನಿಪ್ಪಾಣಿ

ಮನೆ. ಜಿನೇಂದ್ರನಿಗೆ “ಮಳೆ ಜಾಸ್ತಿ ಆಯಿತು” ಎಂದಷ್ಟೇ ಹೇಳಿದೆ. ಬಸದಿಯಿಂದ ತಂದ ಕ್ಯಾಲೆಂಡರ್ ಅಡುಗೆಮನೆ ಗೋಡೆಯ ಮೇಲಿದೆ. ಮಾವ ಅದನ್ನು ನೋಡಿಯೇ ಉಣ್ಣುವುದು. 18ನೇ ತಾರೀಖು, ಸೂರ್ಯಾಸ್ತ 7.09.

ಫೋನಿನಲ್ಲಿ ಕಂಡದ್ದು ಏಳು ಎಷ್ಟು? ಏಳು ಐದು ಇರಬಹುದಲ್ಲ. ಹಾಗಿದ್ದರೆ ನಾನು ಹೇಳಿದ್ದು ಸುಳ್ಳಾದರೂ ಅವರ ನೇಮ ಮುರಿದಿಲ್ಲ. ಏಳು ಐದೇ ಇರಬೇಕು. ಆದರೆ ದೀಪದ ಎಣ್ಣೆ… ತಾರವ್ವ ಮೋಡ ನೋಡಿ ಬೇಗ ಹಚ್ಚಿರಬಹುದು. ಕೋಳಿಗಳೂ ಮೋಡ ನೋಡಿಯೇ ಬುಟ್ಟಿಗೆ ಹೋಗುತ್ತವೆ. ಅವಕ್ಕೇನು ಕ್ಯಾಲೆಂಡರ್ ಗೊತ್ತೇ.

ಜುಲೈ 22, ಮಂಗಳವಾರ

ಅಭಿನಂದನ ಫೋಟೋಗಳನ್ನೆಲ್ಲ ಬಳಗದ ವಾಟ್ಸಾಪಿಗೆ ಹಾಕಿದ್ದಾನೆ. ಮಾವ ಹಾಲಿನ ಲೋಟ ಹಿಡಿದು ನಗುತ್ತಿದ್ದಾರೆ, ಮೀಸೆಗೆ ಕೆನೆ. ಫೋಟೋದ ಕೆಳಗೆ ಬಿಳಿ ಅಕ್ಷರದಲ್ಲಿ ಊರು, ತಾರೀಖು, ಟೈಮು. ಅವನ ಕ್ಯಾಮೆರಾ ತಾನೇ ಬರೆಯುತ್ತದೆ.

7.21.

ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು. ಕೆಮ್ಮಿನ ಔಷಧ ಕೇಳಿದವರಿಗೆ ಹೊಟ್ಟೆನೋವಿನದು ಕೊಟ್ಟೆ. ಅವರೇ ವಾಪಸು ತಂದುಕೊಟ್ಟರು.

ಅಭಿನಂದನನಿಗೆ ಫೋನು ಮಾಡಿದೆ. “ಆ ಫೋಟೋ ತೆಗಿ.” “ಯಾಕ್ರಿ ವೈನಿ, ಅದ ಎಲ್ಲಾಕಿಂತ ಚೊಲೊ ಬಂದೈತಿ.” “ತೆಗಿ ಅಂದ್ರ ತೆಗಿ.” ತೆಗೆದ. ಮಾವನ ಹತ್ತಿರ ಸಾದಾ ಫೋನು, ವಾಟ್ಸಾಪ್ ಇಲ್ಲ. ಬದುಕಿದೆ.

ಬದುಕಿದೆನೇ? ಈಗ ಈ ಊರಿನಲ್ಲಿ ಗೊತ್ತಿರುವುದು ನನಗೊಬ್ಬಳಿಗೆ. ಅವರ ಹತ್ತೊಂಬತ್ತು ವರ್ಷ ಮುರಿದದ್ದು ನಾನು, ಅದು ಅವರಿಗೇ ಗೊತ್ತಿಲ್ಲ. ಇವತ್ತೂ ಆರೂವರೆಗೆ ಕ್ಯಾಲೆಂಡರ್ ನೋಡಿ ತಟ್ಟೆಗೆ ಕೂತರು. ನಾನು ಬಡಿಸಿದೆ. ನಾಚಿಕೆಯಾಯಿತು.

ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ. ಹೇಳದಿದ್ದರೆ ದಿನವೂ ಹೀಗೇ ಬಡಿಸಬೇಕು. ಜೀವ ಉಳಿಸಿದೆ ಎಂದುಕೊಳ್ಳುತ್ತೇನೆ. ಆಗ ಉಂಡಿಯ ಕಾಗದ ನೆನಪಾಗುತ್ತದೆ.

ಜುಲೈ 24, ಗುರುವಾರ

ಹೇಳೋಣವೆಂದು ಹೋದೆ. ಶೇಂಗಾ ಸುಲಿಯುತ್ತಿದ್ದರು. “ಏನಬೇ?” ಅಂದರು. “ಏನಿಲ್ರಿ, ಚಹಾ ಬೇಕೇನ್ರಿ” ಅಂದೆ.

ಜುಲೈ 27, ಭಾನುವಾರ. ರಾತ್ರಿ

ಬಳಗದವರು ಸಣ್ಣದೊಂದು ಸತ್ಕಾರ ಇಟ್ಟಿದ್ದರು. ಎಲ್ಲರಿಗಿಂತ ಹಿರಿಯ ಸವಾರ ನಮ್ಮ ಮಾವ ತವನಪ್ಪನವರು, ಅವರಿಗೆ ಶಾಲು, ತೆಂಗಿನಕಾಯಿ, ಒಂದು ದೊಡ್ಡ ಚೌಕಟ್ಟು. ಮೇಲಿನ ಕಾಗದ ಹರಿದರು. ಹಾಲಿನ ಲೋಟ, ಕೆನೆಮೀಸೆ. ಕೆಳಗೆ ಬಿಳಿ ಅಕ್ಷರ.

ಅಭಿನಂದನ ನನ್ನ ಕಡೆ ನೋಡಿ ನಗುತ್ತಿದ್ದ. ತೆಗಿ ಅಂದದ್ದು ಗ್ರೂಪಿನಿಂದ ಮಾತ್ರ ಅಂದುಕೊಂಡನಂತೆ, ಗುಟ್ಟಾಗಿ ಕೊಡಲಿಕ್ಕೆ ಹೇಳಿದೆ ಅಂದುಕೊಂಡನಂತೆ. ಅವನಿಗೇನು ಗೊತ್ತು. ನಾನಾದರೂ ಬಿಡಿಸಿ ಹೇಳಬೇಕಿತ್ತು.

ಮಾವ ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡರು. ಫೋಟೋ ನೋಡಿದರು. ಕೆಳಗಿನದನ್ನೂ ಓದಿದರು, ತುಟಿ ಅಲ್ಲಾಡಿತು. ಚಾಳೀಸು ಮಡಿಸಿ ಜೇಬಿಗಿಟ್ಟರು. “ಫೋಟೋ ಚೊಲೊ ಬಂದೈತಿ” ಅಂದರು. ಅಷ್ಟೇ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಚೌಕಟ್ಟು ತೊಡೆಯ ಮೇಲಿಟ್ಟುಕೊಂಡು ಬಂದರು. ನನ್ನನ್ನು ಏನೂ ಕೇಳಲಿಲ್ಲ.

ಕೇಳಿದ್ದರೆ ಚೆನ್ನಾಗಿತ್ತು.

ಜುಲೈ 28, ಸೋಮವಾರ. ಬೆಳಗ್ಗೆ 10, ಅಂಗಡಿ

ಮಾವ ನಾಷ್ಟಾ ಬೇಡ ಅಂದರು. “ಇವತ್ತು ಉಪವಾಸ.” ಕ್ಯಾಲೆಂಡರ್ ನೋಡಿದೆ. ಅಷ್ಟಮಿಯಲ್ಲ, ಚತುರ್ದಶಿಯಲ್ಲ. ಗುಳಿಗೆ ತಟ್ಟೆಯಲ್ಲೇ ಇತ್ತು. “ಊಟಿಲ್ಲದ ಗುಳಿಗಿ ತಗೋಬಾರದಂತ ನೀನ ಹೇಳತಿ” ಅಂದರು. ಹೌದು, ನಾನೇ ಹೇಳುವುದು.

ಜಿನೇಂದ್ರ, “ಅಪ್ಪಗ ಏನಾಗೈತಿ?” ಅಂದ. ಗೊತ್ತಿಲ್ಲ ಅಂದೆ. ಎರಡನೆಯ ಸುಳ್ಳು. ಇವು ಸಂತೆ ಕೂಡಿದ ಹಾಗೆ ಕೂಡುತ್ತಿವೆ.

ಜುಲೈ 29, ಮಂಗಳವಾರ. ಬೆಳಗ್ಗೆ 8

ಇವತ್ತೂ ಉಪವಾಸವಂತೆ. ಶುಗರ್ 92. ನಿನ್ನೆಯೇನೋ ಪ್ರಾಯಶ್ಚಿತ್ತ, ತಿಳಿದುಕೊಂಡೆ. ಇವತ್ತು ಯಾತಕ್ಕೆ? ಕೇಳುವ ಬಾಯಿ ನನಗಿಲ್ಲ. ನನಗೂ ತುತ್ತು ಇಳಿಯಲಿಲ್ಲ, ತಟ್ಟೆ ಸರಿಸಿ ಅಂಗಡಿಗೆ ಹೊರಟೆ.

ಜುಲೈ 29. ಸಂಜೆ 6.30

ಅಂಗಡಿ ಅರ್ಧಕ್ಕೆ ಮುಚ್ಚಿ ಐದೂವರೆಗೇ ಬಂದೆ. ಮಳೆ. ಮನೆಯೊಳಗೆ ಕತ್ತಲು. ಮಾವ ಆರಾಮ ಕುರ್ಚಿಯಲ್ಲಿದ್ದರು, ಕಣ್ಣು ಮುಚ್ಚಿಕೊಂಡು. ಶುಗರ್ ನೋಡಿದೆ, 74. ಸಿಟ್ಟು ಬಂತು. ಅಳುವೂ ಬಂತು. ಯಾವುದು ಮೊದಲು, ಗೊತ್ತಿಲ್ಲ.

“ಇವತ್ತು ಯಾಕ್ರಿ ಮಾವಾರ? ನಿನ್ನೆ ಆತಲ್ಲ.”

“ನಿನ್ನಿದು ನಂದು. ಇವತ್ತಿಂದು ನಿಂದು.”

ಶುಗರ್ ಮೀಟರ್ ಕೆಳಗಿಟ್ಟೆ.

“ನಂದು ನೀವ್ಯಾಕ ಮಾಡತೀರಿ?”

“ನಾ ತಿಂದೆ, ಒಂದು. ನೀ ಸುಳ್ಳ ಹೇಳಿದಿ, ಒಂದು. ಆ ಹೆಣ್ಮಗಳದು ಆಕಿ ಕೋಳಿ ತೀರಸ್ತಾವ, ಬಿಡ.” ಕಣ್ಣು ತೆರೆದರು. “ಕಡೀಗಿ ಬರಾವ್ರು ಯಾರನೂ ಬಿಟ್ಟು ಹೋಗಬಾರದಂತ ನಿಮ್ಮ ಕಾಯ್ದೆ ಐತೆಲ್ಲ. ನೀ ನನ್ನ ಬಿಟ್ಟು ಹೋಗಲಿಲ್ಲ. ನಾ ಹೆಂಗ ಬಿಡ್ಲಿ?”

ನೆಲದ ಮೇಲೆ ಕೂತುಬಿಟ್ಟೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಟಯರ್ ನೋಡದ್ದು, ಪರದೆ ಒರೆಸಿದ್ದು, ಉಂಡಿ. ಔಷಧದ ಉಂಡಿ, ನಾನು ಬಾಯಿಚಪಲಕ್ಕೆ ತಿಂದೆ.

“ಅದು ಗೊತ್ತಿತ್ತು” ಅಂದರು. “ಉಗಾರದಾಗ ನಿನ್ನ ಗಲ್ಲಕ್ಕ ಶೇಂಗಾ ಪುಡಿ ಹತ್ತಿತ್ತು. ಹಸದೈತಿ ಪಾಪ ಅಂತ ಸುಮ್ಮನಾದೆ.”

“ಮತ್ತ ಹೊತ್ತು ಮುಳುಗಿದ್ದೂ ಗೊತ್ತಿತ್ತೇನ್ರಿ?”

“ಅದ ತಿಳಿವಲ್ದು. ಆ ಹೊತ್ತಿನ್ಯಾಗ ಮಂಗಲ ಹೇಳಿದಂಗ ಕೇಳಿಸ್ತು. ಆಕಿ ಹೇಳಿದ ಮ್ಯಾಲ ನಾ ಎಂದೂ ಗಡಿಯಾರ ನೋಡಿಲ್ಲ.”

ನಾನು ಕಣ್ಣು ಒರೆಸಿಕೊಂಡೆ. ಮುಂಜಾನೆಯಿಂದ ನಾನೂ ಏನೂ ತಿಂದಿಲ್ಲ, ನೀರೂ ಕುಡಿದಿಲ್ಲ ಎಂದೆ. ನನ್ನದು ನಾನೇ ಮಾಡುತ್ತೇನೆ, ನಾಳೆ ಹೊತ್ತು ಹುಟ್ಟುವವರೆಗೂ. ನೀವು ಉಣ್ಣಬೇಕು. ಇಲ್ಲದಿದ್ದರೆ ನಾನು ನಾಳೆಯೂ ಉಣ್ಣುವುದಿಲ್ಲ, ನಾಡಿದ್ದೂ ಇಲ್ಲ, ಗಿರಾಕಿಗಳಿಗೆ ಏನು ಗುಳಿಗೆ ಕೊಡುತ್ತೇನೋ ದೇವರೇ ಬಲ್ಲ.

ಅದಕ್ಕೆ ನಕ್ಕರು. “ಇವತ್ತಿನ ಉಪಾಸ ಮನಸ್ಸಿನಾಗ ಹಿಡಿದದ್ದು, ಬಸದ್ಯಾಗ ಹೇಳಿಲ್ಲ. ನಿಂದು ನೀ ಹೊತ್ತಕೊಂಡ್ರ ಆತು. ಆದ್ರ ಹೊತ್ತು ಮುಳುಗಿದ್ರ ಇವತ್ತು ಬ್ಯಾಡ, ನಾಳೆ.”

ಕಿಟಕಿಯಾಚೆ ಕತ್ತಲು, ಅವತ್ತಿನ ಹಾಗೆಯೇ. ಯೋಚನೆ ಮಾಡಿ ಹೇಳುತ್ತೇನೆ ಎಂದು ಕಣ್ಣು ಮುಚ್ಚಿದ್ದಾರೆ. ನಾನು ಇಲ್ಲಿ ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಕೈ ಸುಮ್ಮನಿರುವುದಿಲ್ಲ.

6.51

ಕರೆದರು. “ರೂಪಾ, ಹೊತ್ತೆಷ್ಟು?”

ಓಡಿದೆ. ಹೇಳಲಿಲ್ಲ. ಫೋನನ್ನೇ ಅವರ ಕೈಯಲ್ಲಿಟ್ಟೆ, ನೀವೇ ನೋಡಿಕೊಳ್ಳಿರಿ ಎಂದು. ಅವರು ನೋಡಲಿಲ್ಲ. ಅದನ್ನು ಬೋರಲು ಹಾಕಿ ನನ್ನ ಕಡೆ ಚಾಚಿದರು.

“ನೀ ಹೇಳ.”

ಈ ಸಲ ಪರದೆ ಒಣಗಿತ್ತು. ಕ್ಯಾಲೆಂಡರಿನಲ್ಲಿ ಇವತ್ತು 7.06, ಅದನ್ನೂ ಎರಡು ಸಲ ನೋಡಿದೆ. “ಆರ ಐವತ್ತೊಂದ್ರಿ. ಇನ್ನ ಹದಿನೈದು ಮಿನಿಟ್ ಐತ್ರಿ, ಮಾವಾರ” ಎನ್ನುವಾಗ ಧ್ವನಿ ನಡುಗಿತು. ಅವತ್ತು ನಡುಗಿರಲಿಲ್ಲ.

“ಹಂಗಾರ ಹಾಲು ಕಾಸು” ಅಂದರು.

ಒಲೆಯ ಮೇಲಿಟ್ಟಿದ್ದೇನೆ. ಬೆಲ್ಲ ತೆಗೆದಿಟ್ಟೆ. 6.54. ಹಾಲು ಇನ್ನೂ ಬಿಸಿಯಾಗ… ಉಕ್ಕಿತು, ಓಡಿದೆ.